ಮೊದಲ ಭಾನುವಾರಕ್ಕೆ ಮುಂಚಿನ ಶನಿವಾರ

ಲೇಬಲ್ಲಿನ ಬಲಗಡೆ ಕೆಳಮೂಲೆಯಲ್ಲಿ ಅವರು ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಸಾಸಿವೆಗಿಂತ ಚಿಕ್ಕದು, ಹುಡುಕಿದರೆ ಮಾತ್ರ ಕಾಣುವಂಥದ್ದು. ರಕ್ತ ತೆಗೆದಾದ ಮೇಲೆ ಟ್ಯೂಬನ್ನು ಕೈಯಲ್ಲಿ ಹಿಡಿದು, ಎದುರಿಗೆ ಕೂತವರ ಮುಖ ನೋಡಿ, "ಹೆಸರು ನೀವೇ ಹೇಳಿ. ವಯಸ್ಸು ಹೇಳಿ. ಊರು ಹೇಳಿ" ಎಂದು ಕೇಳುವರು. ಮೂರೂ ಹೊಂದಿದರೆ ಲೇಬಲ್ ಅಂಟಿಸಿ ಚುಕ್ಕೆ ಇಡುವರು. ಗುರುತು ಇಲ್ಲದ ಟ್ಯೂಬನ್ನು ಒಳಗಿನ ಕೋಣೆಗೆ ಹೋಗಲು ಬಿಡುತ್ತಿರಲಿಲ್ಲ.

ಶಿವಮೊಗ್ಗದ ಸವಳಂಗ ರಸ್ತೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದರು. ಕೊನೆಯ ಮೂರು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ನಾನು ಕೂತಿದ್ದೆ. ನಾನು ಎಂ.ಎಸ್ಸಿ. ಮುಗಿಸಿ ನೇರವಾಗಿ ಅಲ್ಲಿಗೆ ಸೇರಿದವಳು. ಅವರು ಪಿಯುಸಿ ಆದ ಮೇಲೆ ಒಂದು ವರ್ಷದ ತರಬೇತಿ ಪಡೆದು ಬಂದವರು. ನಾನು ಮೂರು ಸಲ ಚುಚ್ಚಿದರೂ ಸಿಗದ ನರ ಅವರ ತೋರುಬೆರಳಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಲ್ಯಾಬಿನ ಯಜಮಾನ ಡಾಕ್ಟರು, ರಿಸೆಪ್ಶನ್ನಿನ ಸುಮಾ, ನಾನು, ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಅವರು ಭದ್ರಾವತಿಯವರು. ತಂದೆ ಕಾರ್ಖಾನೆಯ ಕುಲುಮೆಯಲ್ಲಿದ್ದವರು. ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಮನೆಯೊಳಗೆ ತಮಿಳು, ಹೊರಗೆ ಕನ್ನಡ. "ನಮ್ಮನೇಲಿ ಪ್ರಾರ್ಥನೆ ಕನ್ನಡದಲ್ಲಿ, ಬೈಗುಳ ತಮಿಳಲ್ಲಿ. ದೇವರಿಗೆ ಎರಡೂ ಅರ್ಥ ಆಗ್ತಿತ್ತು" ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ವಾರವೆಲ್ಲ ಶಿವಮೊಗ್ಗದಲ್ಲಿ ಒಂದು ಬಾಡಿಗೆ ಕೋಣೆ, ಶನಿವಾರ ಸಂಜೆ ಬಸ್ಸು ಹಿಡಿದು ಭದ್ರಾವತಿಯಲ್ಲಿದ್ದ ತಂಗಿಯ ಮನೆಗೆ, ಭಾನುವಾರ ಅಲ್ಲಿಯ ಚರ್ಚಿಗೆ.

ಇಂಥವರ ಬಗ್ಗೆ ಬರೆಯುವಾಗ ಶಾಂತಸ್ವಭಾವ ಎಂದು ಬರೆಯುವುದು ವಾಡಿಕೆ. ಅಕ್ಕ ಶಾಂತಸ್ವಭಾವದವರಾಗಿರಲಿಲ್ಲ. ಸಿಡುಕಿನವರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಇಡ್ಲಿ ತಿಂದು ಬಂದವರನ್ನು, ಚೀಟಿ ಮಡಚಿ ಮಡಚಿ ಹರಿದವರನ್ನು, ಆಟೋದವರನ್ನು, ನನ್ನನ್ನು, ಹಿಂದುಮುಂದು ನೋಡದೆ ಬೈದುಬಿಡುತ್ತಿದ್ದರು. ಆದರೆ ಪ್ರತಿ ತಿಂಗಳ ಮೊದಲ ಭಾನುವಾರಕ್ಕೆ ಮುಂಚಿನ ಶನಿವಾರ, ಮಧ್ಯಾಹ್ನ ಲ್ಯಾಬು ಮುಚ್ಚಿದ ಮೇಲೆ, ಒಂದು ಸುತ್ತು ಹೊರಡುತ್ತಿದ್ದರು. ಆ ತಿಂಗಳಲ್ಲಿ ಯಾರ ಮನಸ್ಸು ನೋಯಿಸಿದ್ದಾರೋ ಅವರ ಮನೆಗೆ, ಅಂಗಡಿಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬರುವುದು. ಭದ್ರಾವತಿಯ ಬಸ್ಸು ಹತ್ತುವುದು ಅದಾದ ಮೇಲೆಯೇ.

ಸುಮಾ ಇದನ್ನು ತಮಾಷೆ ಮಾಡುತ್ತಿದ್ದಳು. "ಅಕ್ಕ, ನಾಳಿದ್ದು ನಿಮ್ಮ ಶನಿವಾರ. ನನ್ನನ್ನ ಇನ್ನೂ ಬೈದೇ ಇಲ್ಲ ನೀವು. ಈ ಸಲ ನಮ್ಮನೆಗೆ ಬರಲ್ವಾ?"

"ನಿನ್ನನ್ನ ಬೈದು ಬೈದು ನನಗೇ ಬೇಜಾರಾಗಿದೆ ಮಾರಾಯ್ತಿ. ಈ ತಿಂಗಳು ರಜ."

"ಬರೋವಾಗ ಕಾಲು ಕೆಜಿ ಮೈಸೂರ್‌ಪಾಕಾದ್ರೂ ತರಬಾರದಾ?"

"ತಂದ್ರೆ ಲಂಚ ಆಗುತ್ತೆ."

ಈ ಸುತ್ತಿಗೆ ಅವರದೇ ಕ್ರಮವಿತ್ತು. ಹೊಸ್ತಿಲು ದಾಟುತ್ತಿರಲಿಲ್ಲ. ಚಪ್ಪಲಿ ಬಿಡುತ್ತಿರಲಿಲ್ಲ. ಕಾಫಿ ಕುಡಿಯುತ್ತಿರಲಿಲ್ಲ. "ಒಳಗೆ ಹೋಗಿ ಕೂತು ಕಾಫಿ ಕುಡಿದ್ರೆ ಅದು ನೆಂಟಸ್ತನ ಆಗುತ್ತೆ. ಅವರು ಪಾಪ, ನಮಗೆ ಉಪಚಾರ ಮಾಡೋ ಗಡಿಬಿಡೀಲಿ ಸಿಟ್ಟನ್ನೇ ಮರೀತಾರೆ. ಸಿಟ್ಟು ಇದ್ರೆ ನಿಂತು ಬೈಯೋಕೆ ಅವರಿಗೆ ಜಾಗ ಬಿಡಬೇಕು" ಎಂದು ಒಮ್ಮೆ ವಿವರಿಸಿದ್ದರು. ಇನ್ನೊಂದು ಕ್ರಮ, 'ತಪ್ಪಾಯ್ತು' ಎಂದ ಮೇಲೆ 'ಆದ್ರೆ' ಎನ್ನಬಾರದು. "ಆದ್ರೆ ಅಂದ್ರೆ ಕೊಟ್ಟಿದ್ದನ್ನ ವಾಪಸ್ ತಗೊಂಡ ಹಾಗೆ."

ಲ್ಯಾಬಿನ ಎದುರಿಗೆ ಗಾಡಿಯಲ್ಲಿ ತರಕಾರಿ ಮಾರುವವರೊಬ್ಬರಿದ್ದಾರೆ. ಅವರ ಬೀನ್ಸು ಹಳೆಯದೆಂದು ಅಕ್ಕ ನಾಲ್ಕು ಜನ ಗಿರಾಕಿಗಳ ಮುಂದೆ ಹೇಳಿದ್ದರಂತೆ. ಆ ಶನಿವಾರ ಗಾಡಿಯ ಮುಂದೆ ನಿಂತು ತಪ್ಪಾಯಿತು ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಅಮ್ಮಾ, ಬೀನ್ಸು ನಿಜವಾಗ್ಲೂ ಹಳೇದೇ ಆಗಿತ್ತು."

"ಬೀನ್ಸ್ ವಿಷಯಕ್ಕೆ ಬಂದಿಲ್ಲ. ನಾಲ್ಕು ಜನರ ಮುಂದೆ ಹೇಳಿದ್ದಕ್ಕೆ ಬಂದೆ" ಎಂದರು ಅಕ್ಕ.

ನಮ್ಮ ಮನೆಗೂ ಒಮ್ಮೆ ಬಂದಿದ್ದರು. ನನ್ನದು ಮಾತು ಕಡಿಮೆ. "ಈ ಹುಡುಗಿ ಬಾಯಲ್ಲಿ ಸದಾ ಥರ್ಮಾಮೀಟರ್ ಇಟ್ಕೊಂಡಿರ್ತಾಳೆ" ಎಂದು ಅವರು ಹೇಳಿದ್ದಕ್ಕೆ ಕಾಯುತ್ತ ಕೂತವರೆಲ್ಲ ನಕ್ಕಿದ್ದರು. ಶನಿವಾರ ವಿದ್ಯಾನಗರದ ನಮ್ಮ ಮನೆಯಲ್ಲಿ ಅಮ್ಮ ಒಳಗೆ ಬಂದು, "ನಿಮ್ಮ ಕೆಲಸದವರು ಯಾರೋ ಗೇಟಿನ ಹತ್ರ ನಿಂತಿದಾರೆ ಕಣೇ. ಎಷ್ಟು ಕರೆದ್ರೂ ಒಳಗೆ ಬರ್ತಿಲ್ಲ, ಏನಾಯ್ತು ನೋಡು" ಎಂದಳು. ಹೋದೆ. ಅಕ್ಕ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. "ನಿನ್ನ ಸ್ವಭಾವ ಇಟ್ಕೊಂಡು ಜನರನ್ನ ನಗಿಸಿದೆ. ತಪ್ಪಾಯ್ತು" ಎಂದರು. ಪರವಾಗಿಲ್ಲ ಅಕ್ಕ ಎಂದೆ. "ಪರವಾಗಿಲ್ಲ ಅಂತ ಸುಮ್ನೆ ಹೇಳ್ಬೇಡ. ಬೇಜಾರಾಗಿತ್ತಾ?" ಹೌದು ಎಂದೆ. "ಸರಿ" ಎಂದು ಹೊರಟರು. ಯಾರಾದರೂ ನನ್ನನ್ನು ಹಾಗೆ ಕೇಳಿ ಉತ್ತರಕ್ಕೆ ಕಾದದ್ದು ಅದೇ ಮೊದಲು.

ಮೊದಲ ಭಾನುವಾರವೇ ಏಕೆ ಎಂದು ಆಮೇಲೆ ಕೇಳಿದೆ. ನಾನು ಅವರ ಮತದವಳಲ್ಲ. ನಮ್ಮದು ಸೋಮವಾರ ಈಶ್ವರನ ಗುಡಿಗೆ ಹೋಗುವ ಮನೆ. ಅವರೂ ತಾವಾಗಿ ಧರ್ಮದ ಮಾತು ತೆಗೆಯುತ್ತಿರಲಿಲ್ಲ.

"ಆವತ್ತು ನಮ್ಮಲ್ಲಿ ಕರ್ತನ ಭೋಜನ. ರೊಟ್ಟಿ ಮುರಿದು ಕೊಡ್ತಾರೆ, ಸ್ವಲ್ಪ ದ್ರಾಕ್ಷಾರಸ. ಯೇಸು ಕೊಡ್ತಾನೆ ಅಂತ ನಾವು ತಗೊಳ್ಳೋದು. ಅದಕ್ಕೆ ಕೈ ಚಾಚಬೇಕಲ್ಲ? ಯಾರನ್ನೋ ನೋಯಿಸಿದ ಕೈ ಚಾಚಬಾರದು ಅಂತ ನಮ್ಮ ಅಜ್ಜಿ ಹೇಳೋರು. ಮೊದಲು ಅವರ ಹತ್ರ ಹೋಗು, ಆಮೇಲೆ ಇಲ್ಲಿಗೆ ಬಾ ಅಂತ. ನನ್ನದು ಬಾಯಿ ಜೋರು. ಅದಕ್ಕೇ ಇಷ್ಟು ಓಡಾಟ. ನಿನ್ನಂಥವರಾಗಿದ್ರೆ ಮನೇಲೇ ಕೂರಬಹುದಿತ್ತು" ಎಂದರು.

ನನ್ನಂಥವರ ಬಗ್ಗೆ ಅವರಿಗೆ ಇದ್ದ ಈ ಅಭಿಪ್ರಾಯ ತಪ್ಪಾಗಿತ್ತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಚುಕ್ಕೆ ಅಕ್ಕನ ಗುರುತು. ನಾನು ಸೇರಿದ ಮೊದಲ ವಾರವೇ, "ನೀನು ನಿನ್ನದೇ ಒಂದು ಗುರುತು ಮಾಡ್ಕೋ. ಯಾವ ಟ್ಯೂಬು ಯಾರ ಕೈಯಿಂದ ಬಂತು ಅಂತ ಗೊತ್ತಾಗಬೇಕು" ಎಂದಿದ್ದರು. ನಾನು ಸಣ್ಣದೊಂದು ಅಡ್ಡಗೆರೆ ಎಳೆಯುತ್ತಿದ್ದೆ. ದಿನ ಕಳೆದಂತೆ, ಬೆಳಗಿನ ನೂಕುನುಗ್ಗಲಿನಲ್ಲಿ, ಕಂಪ್ಯೂಟರಿನಿಂದ ಲೇಬಲ್ ಹಾಳೆ ಬಂದ ಕೂಡಲೇ ಎಲ್ಲದರ ಮೇಲೂ ಮೊದಲೇ ಗುರುತು ಹಾಕಿಬಿಡುವ ಅಭ್ಯಾಸ ನನಗೆ ಬಿತ್ತು. ಹಾಳೆಯ ಮೇಲೆ ಗೆರೆ ಎಳೆಯುವುದಕ್ಕಿಂತ ಪೆನ್ಸಿಲ್ ತಾಗಿಸುತ್ತ ಹೋಗುವುದು ಬೇಗ. ಗೆರೆ ಚುಕ್ಕೆಯಾಯಿತು. ನನ್ನ ಚುಕ್ಕೆಗೂ ಅಕ್ಕನ ಚುಕ್ಕೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಗೆರೆ ಬಿಟ್ಟದ್ದನ್ನು ಅಕ್ಕನಿಗೆ ಹೇಳಿರಲಿಲ್ಲ. ಅವರದು ಹೆಸರು ಕೇಳಿದ ಮೇಲೆ ಇಟ್ಟದ್ದು, ನನ್ನದು ಕೇಳುವುದಕ್ಕೆ ಮುಂಚೆಯೇ ಇಟ್ಟದ್ದು. ಎಷ್ಟೋ ಸಲ ಕೇಳುವುದನ್ನೇ ಬಿಟ್ಟಿದ್ದೆ.

ಹೋದ ವರ್ಷ ಜನವರಿಯ ಕೊನೆಯ ಸೋಮವಾರ ಶಕೀಲಾ ಬಾನು ಎಂಬ ಒಂದೇ ಹೆಸರಿನ ಇಬ್ಬರು ಬಂದರು. ಒಬ್ಬರು ಮಲವಗೊಪ್ಪದವರು, ಮೂವತ್ತರ ಆಸುಪಾಸು. ಇನ್ನೊಬ್ಬರು ಅರವತ್ತು ದಾಟಿದವರು. ಅಕ್ಕ ಪಕ್ಕದ ಕೋಣೆಯಲ್ಲಿ ಅಳುವ ಮಗುವೊಂದರ ರಕ್ತ ತೆಗೆಯುತ್ತಿದ್ದರು. ಇಬ್ಬರದೂ ನಾನೇ ತೆಗೆದೆ, ಅಕ್ಕ ನೋಡಲಿಲ್ಲ. ಮೊದಲೇ ಚುಕ್ಕೆ ಇಟ್ಟಿದ್ದ ಲೇಬಲ್ಲುಗಳನ್ನು, ವಯಸ್ಸು ಊರು ಕೇಳದೆ, ಅದಲುಬದಲಾಗಿ ಅಂಟಿಸಿದೆ.

ಮಲವಗೊಪ್ಪದ ಶಕೀಲಾಗೆ ಸಕ್ಕರೆ ವಿಪರೀತ ಏರಿದೆ ಎಂದು ವರದಿ ಹೋಯಿತು. ಅವರ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೆದರಿ ಊಟವನ್ನೂ ಅರ್ಧಕ್ಕಿಳಿಸಿದ ಆಕೆ ಗುರುವಾರ ಒಲೆಯ ಮುಂದೆ ತಲೆ ತಿರುಗಿ ಬಿದ್ದರು. ಕುದಿಯುತ್ತಿದ್ದ ನೀರು ಎಡ ಮುಂಗೈಯನ್ನು ಸುಟ್ಟಿತು. ಶುಕ್ರವಾರ ಅವರ ಗಂಡ, ಲಾರಿ ಮೆಕ್ಯಾನಿಕ್, ಕೈಯ ಗ್ರೀಸನ್ನೂ ತೊಳೆಯದೆ ಲ್ಯಾಬಿಗೆ ಬಂದು ಕೂಗಾಡಿದರು. ಮತ್ತೆ ಪರೀಕ್ಷೆ ಮಾಡಿದರೆ ಆಕೆಗೆ ಸಕ್ಕರೆಯೇ ಇರಲಿಲ್ಲ. ಹಿರಿಯ ಶಕೀಲಾರನ್ನು ಅದೇ ದಿನ ಕರೆಸಿ ವಿಷಯ ತಿಳಿಸಿದೆವು. ಅವರಿಗೆ ಏನೂ ಅನಾಹುತ ಆಗಿರಲಿಲ್ಲ.

ಅಕ್ಕ ಫ್ರಿಜ್ಜಿನಿಂದ ಸೋಮವಾರದ ಟ್ಯೂಬುಗಳನ್ನು ತೆಗೆದು ಬೆಳಕಿಗೆ ಹಿಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಚುಕ್ಕೆ ಇದೆ" ಎಂದರು. "ನಂದೇ."

ಆಗ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಹೊರಗೆ ಆ ಮನುಷ್ಯ ಇನ್ನೂ ಕೂಗುತ್ತಿದ್ದ. ನನ್ನ ಬಾಯಲ್ಲಿ ನಿಜವಾಗಿಯೂ ಥರ್ಮಾಮೀಟರ್ ಇಟ್ಟಂತಾಗಿತ್ತು.

ಡಾಕ್ಟರು, "ಮೆಷಿನ್ ತೊಂದರೆ ಅಂತ ಹೇಳಿ ಹೊಸ ರಿಪೋರ್ಟ್ ಕೊಟ್ಬಿಡಿ ಅಕ್ಕ. ದೊಡ್ಡದು ಮಾಡೋದು ಬೇಡ" ಎಂದರು.

"ಮೆಷಿನ್ ಹೋಗಿ ತಪ್ಪಾಯ್ತು ಅನ್ನಕ್ಕಾಗಲ್ಲ ಸಾರ್. ನಾನು ಹೋಗ್ತೀನಿ."

ಮರುದಿನ ಮೊದಲ ಭಾನುವಾರಕ್ಕೆ ಮುಂಚಿನ ಶನಿವಾರ. ಮಲವಗೊಪ್ಪ ಭದ್ರಾವತಿಯ ದಾರಿಯಲ್ಲೇ ಸಿಗುತ್ತದೆ. ನಾನೂ ಬರುತ್ತೇನೆ ಎಂದೆ. ದಾರಿಯಲ್ಲಿ ಹೇಳೋಣ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ತುಟಿ ಮೆಲ್ಲಗೆ ಆಡುತ್ತಿತ್ತು. ಪ್ರಾರ್ಥನೆ ಮಾಡುತ್ತಿರುವವರನ್ನು ಮಾತಾಡಿಸುವುದು ಹೇಗೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮನೆ ಮುಂದೆ ಗಂಡನೇ ಸಿಕ್ಕರು. "ಏನ್ ಮೇಡಂ, ನಿನ್ನೆ ಬೈಸ್ಕೊಂಡಿದ್ದು ಸಾಲ್ಲಿಲ್ವಾ? ಮನೇ ತನಕ ಬಂದ್ರಾ?"

"ನಿಮ್ಮ ಮನೆಯವರನ್ನ ಕರೀರಿ. ಹೇಳ್ಬೇಕಾಗಿರೋದು ಅವರಿಗೆ."

ಶಕೀಲಾ ಬಂದರು. ಮೊಣಕೈ ತನಕ ಬ್ಯಾಂಡೇಜು. ಲ್ಯಾಬಿನಲ್ಲಿ ನಾವು ಮಾಸ್ಕ್ ಹಾಕಿರುತ್ತಿದ್ದುದರಿಂದ ಆಕೆ ನನ್ನ ಗುರುತು ಹಿಡಿಯಲಿಲ್ಲ. ಅಕ್ಕ ಹೊಸ್ತಿಲ ಹೊರಗೆ, ಚಪ್ಪಲಿ ಬಿಡದೆ ನೆಟ್ಟಗೆ ನಿಂತು ಹೇಳಿದರು: "ನಿಮ್ಮ ರಕ್ತಕ್ಕೆ ನಾನು ಬೇರೆಯವರ ಲೇಬಲ್ ಅಂಟಿಸಿದೆ. ನಿಮ್ಮ ಕೈ ಸುಟ್ಟಿದ್ದು ನನ್ನಿಂದ. ತಪ್ಪಾಯ್ತು."

"ವಯಸ್ಸಾಗಿ ಕಣ್ಣು ಕಾಣಲ್ಲ ಅಂದ್ರೆ ಮನೇಲಿ ಕೂರ್ಬೇಕು ಮೇಡಂ. ಜನರ ಜೀವದ ಜೊತೆ ಆಟ ಆಡೋದಲ್ಲ" ಎಂದರು ಗಂಡ.

"ಹೌದು" ಎಂದರು ಅಕ್ಕ.

ಶಕೀಲಾ ಗಂಡನ ತೋಳು ಮುಟ್ಟಿ ತಡೆದು ಅಕ್ಕನ ಕಡೆ ತಿರುಗಿದರು. "ಬಿಡಿ ಆಪಾ. ಮನೆಗೆ ಬಂದು ಹೇಳೋರು ಯಾರಿದಾರೆ ಈ ಕಾಲದಲ್ಲಿ. ಒಳಗೆ ಬನ್ನಿ, ಚಾ ಕುಡೀರಿ." ಅಕ್ಕ ಕೈ ಮುಗಿದು ಬೇಡವೆಂದರು.

ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ನನಗೂ ಕುಡಿಯಲು ನೀರು ಬೇಕೆ ಎಂದು ಶಕೀಲಾ ಕೇಳಿದರು.

ಬಸ್‌ಸ್ಟಾಪಿನಲ್ಲಿ ಅಕ್ಕ, "ಅವರು ಹೇಳಿದ್ದು ಸರಿ. ಕಣ್ಣು ಮೋಸ ಮಾಡ್ತು. ಸೋಮವಾರದಿಂದ ಸೂಜಿ ನೀನೇ ಹಿಡಿ" ಎಂದರು. ಅವರ ಬಸ್ಸು ಬಂತು, ಹತ್ತಿದರು. ನಾನು ರಸ್ತೆ ದಾಟಿ ಶಿವಮೊಗ್ಗದ ಬಸ್ಸು ಹಿಡಿದೆ.

ಹೇಳಿದಂತೆಯೇ ಮಾಡಿದರು. ಸೋಮವಾರದಿಂದ ರಕ್ತ ತೆಗೆಯುವುದು ಬಿಟ್ಟು ಕೌಂಟರಿನಲ್ಲಿ ವರದಿ ಕೊಡುತ್ತ ಕೂತರು. ನರ ಸಿಗದ ಕೈ ಬಂದಾಗ ನಾನು ಕರೆಯುತ್ತಿದ್ದೆ. ಎದ್ದು ಬಂದು, ಬೆರಳಿಟ್ಟು ಜಾಗ ತೋರಿಸಿ, ಸೂಜಿ ಮುಟ್ಟದೆ ಹಿಂದಿರುಗುತ್ತಿದ್ದರು. ಜೂನಿನಲ್ಲಿ ಕೆಲಸವನ್ನೇ ಬಿಟ್ಟರು. ಇನ್ನೂ ಕೆಲವು ವರ್ಷ ಇರಬಹುದಿತ್ತು, ಡಾಕ್ಟರು ಬೇಡವೆಂದರೂ ಕೇಳಲಿಲ್ಲ. ಕೊನೆಯ ದಿನ ಬೆರಳುದ್ದ ಉಳಿದಿದ್ದ ಆ ಪೆನ್ಸಿಲನ್ನು ನನ್ನ ಮೇಜಿನ ಮೇಲಿಟ್ಟು, "ನಿನ್ನ ಕಣ್ಣು ಚೆನ್ನಾಗಿದೆ. ನಿನ್ನ ಹತ್ರ ಇರಲಿ" ಎಂದರು. ತೆಗೆದುಕೊಂಡೆ. ಅಂದಿನಿಂದ ಇಂದಿನವರೆಗೆ ಹೆಸರು, ವಯಸ್ಸು, ಊರು ಕೇಳದೆ ಒಂದು ಟ್ಯೂಬಿಗೂ ಲೇಬಲ್ ಅಂಟಿಸಿಲ್ಲ. ಕೆಲಸ ಸರಿಯಾಗಿ ಮಾಡಿದರೆ ಹೇಳುವುದೇನೂ ಉಳಿಯುವುದಿಲ್ಲ ಎಂದು ನಂಬಲು ನೋಡಿದೆ. ಪ್ರತಿ ತಿಂಗಳ ಆ ಶನಿವಾರ ಬಂದಾಗ ಭದ್ರಾವತಿಗೆ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಹೋಗಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಸುಮಾ ಫೋನ್ ಮಾಡಿದಳು. ಅಕ್ಕನಿಗೆ ನಿದ್ದೆಯಲ್ಲೇ ಹೃದಯ ನಿಂತಿತ್ತು. ಮಣ್ಣು ಮಾಡಿದ್ದು ಶನಿವಾರ ಮಧ್ಯಾಹ್ನ, ಆ ತಿಂಗಳ ಮೊದಲ ಭಾನುವಾರದ ಹಿಂದಿನ ದಿನ.

ಸ್ಮಶಾನದಲ್ಲಿ ಚರ್ಚಿನವರಲ್ಲದೆ ಇನ್ನೂ ಸುಮಾರು ಜನರಿದ್ದರು. ನೆಂಟರಲ್ಲ, ಒಂದೇ ಬೀದಿಯವರೂ ಅಲ್ಲ. ಆಟೋದವರು, ಒಬ್ಬ ಮೆಡಿಕಲ್ ಶಾಪಿನವರು, ಅಕ್ಕ ಬಾಡಿಗೆಗಿದ್ದ ಮನೆಯ ಯಜಮಾನಿ. ಬಹುಪಾಲು ಜನ ಅಕ್ಕನಿಂದ ಬೈಸಿಕೊಂಡು, ಆಮೇಲೆ ತಪ್ಪಾಯಿತು ಎನ್ನಿಸಿಕೊಂಡವರೇ ಎಂದು ನನಗೆ ಹೊಳೆದದ್ದು ತರಕಾರಿಯವರನ್ನು ನೋಡಿದಾಗ. ಹಿಡಿ ಮಣ್ಣು ಹಾಕಿ ಬಂದು ನನ್ನ ಪಕ್ಕ ನಿಂತು, "ನನಗೂ ನನ್ನ ತಮ್ಮನಿಗೂ ಆರು ವರ್ಷ ಮಾತಿರಲಿಲ್ಲ ಮೇಡಂ. ಹೋದ ದೀಪಾವಳಿಗೆ ಹೋದೆ. ಈ ಅಮ್ಮನ ಥರವೇ, ಚಪ್ಪಲಿ ಬಿಡಲಿಲ್ಲ. ಬೈದ. ನಿಂತ್ಕೊಂಡು ಕೇಳಿದೆ" ಎಂದರು.

ಆಮೇಲೆ ತಂಗಿಯ ಮನೆಯಲ್ಲಿ ಬಂದವರಿಗೆಲ್ಲ ಚಹಾ ಕೊಟ್ಟರು. ಅರ್ಧಕ್ಕರ್ಧ ಖಾಲಿಯಾದ ಕ್ವಾರ್ಟರ್ಸಿನ ಸಾಲಿನಲ್ಲಿ ಕೊನೆಯ ಮನೆ. ತಂಗಿ ಅಕ್ಕನಿಗಿಂತ ಎತ್ತರ, ದನಿ ಅದೇ. ನಾನು ಲ್ಯಾಬಿನವಳೆಂದು ತಿಳಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಕೆಲಸ ಬಿಟ್ಟ ಮೇಲೆ ತುಂಬಾ ಕುಗ್ಗಿಹೋದ್ಳಮ್ಮ. ನಾನೇ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿದ್ದೆ. ಈ ವಯಸ್ಸಿಗೆ ಇಷ್ಟು ಒಳ್ಳೇ ಕಣ್ಣು ನೋಡಿಲ್ಲ ಅಂದ್ರು ಅವರು. ಇವಳು ಒಪ್ಪಬೇಕಲ್ಲ! ಡಾಕ್ಟ್ರಿಗೇನು ಗೊತ್ತು, ಮಲವಗೊಪ್ಪದ ಆ ಹೆಣ್ಮಗಳನ್ನ ಕೇಳಲಿ ಅಂದ್ಳು. ಲ್ಯಾಬಲ್ಲಿದ್ದಷ್ಟು ದಿನ, ಶನಿವಾರ ಬರುವಾಗೆಲ್ಲ ಮಲವಗೊಪ್ಪದಲ್ಲಿ ಇಳಿದು, ಆ ಹುಡುಗಿ ಕೈ ಹೇಗಿದೆ ನೋಡಿ, ಮುಂದಿನ ಬಸ್ಸಿಗೆ ಬರೋಳು."

ಚಹಾದ ಲೋಟ ನನ್ನ ಕೈಯಲ್ಲೇ ಇತ್ತು. ಸುತ್ತ ಹತ್ತಾರು ಜನ. ಬರುತ್ತೇನೆ ಆಂಟಿ ಎಂದು ಎದ್ದೆ.

ಬಸ್ಸು ಮಲವಗೊಪ್ಪದಲ್ಲಿ ನಿಂತಿತು. ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಮತ್ತೆ ಭದ್ರಾವತಿಗೆ ಹೋದೆ. ತಂಗಿ ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟು ನಿಂತಿದ್ದರು. ನನ್ನನ್ನು ಕಂಡು, "ಏನಮ್ಮ, ಏನಾದ್ರೂ ಮರೆತು ಹೋದ್ಯಾ? ಒಳಗೆ ಬಾ" ಎಂದರು. ನಾನು ಹೊಸ್ತಿಲ ಹೊರಗೇ ನಿಂತೆ. ಚಪ್ಪಲಿ ಬಿಡಲಿಲ್ಲ. ಅದನ್ನು ಅವರು ನೋಡಿದರು.

"ಆ ಲೇಬಲ್ ಅಂಟಿಸಿದ್ದು ನಾನು. ಅಕ್ಕ ತನ್ನದೇ ಅಂದ್ಕೊಂಡ್ರು, ನಾನು ಬಾಯಿ ಬಿಡಲಿಲ್ಲ. ಅವರು ಕೆಲಸ ಬಿಟ್ಟಿದ್ದು ನನ್ನಿಂದ. ತಪ್ಪಾಯ್ತು."

'ಆದ್ರೆ' ಗಂಟಲಿನವರೆಗೆ ಬಂದಿತ್ತು. ತಡೆದೆ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಒಂದು ವರ್ಷ" ಎಂದರು. "ಒಂದು ವರ್ಷ ಅವಳು ತನ್ನ ಕಣ್ಣನ್ನ ತಾನೇ ನಂಬಲಿಲ್ಲ. ಅಕ್ಕಿ ಆರಿಸೋಕೂ ನನ್ನನ್ನ ಕರೆಯೋಳು."

ನಾನು ನಿಂತೇ ಇದ್ದೆ. ಚರ್ಚಿನ ಮೊದಲ ಗಂಟೆ ಹೊಡೆಯಿತು.

"ಇವತ್ತೇ ಬರಬೇಕಿತ್ತಾ ನೀನು?" ಎಂದರು ತಂಗಿ. ಕಣ್ಣು ಒರೆಸಿಕೊಳ್ಳಲಿಲ್ಲ. "ಎರಡನೇ ಗಂಟೆಗೆ ಹದಿನೈದು ನಿಮಿಷ ಇದೆ. ಅಷ್ಟರಲ್ಲಿ ನಿನ್ನನ್ನ ಕ್ಷಮಿಸಬೇಕು ನಾನು. ಇಲ್ದಿದ್ರೆ ಅಲ್ಲಿ ಹೋಗಿ ಕೈ ಚಾಚೋ ಹಾಗಿಲ್ಲ." ಸೆರಗು ಸರಿಮಾಡಿಕೊಂಡು, ಬೀಗ ಹಾಕಿ, ನನ್ನನ್ನು ದಾಟಿ ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ನಾನು ನಡೀತಾ ನಡೀತಾ ಪ್ರಯತ್ನ ಮಾಡ್ತೀನಿ. ನೀನು ಒಂದು ಕೆಲಸ ಮಾಡು. ಅಕ್ಕನಿಗೆ ಇದು ಗೊತ್ತಾಗಿದ್ರೆ ಏನು ಮಾಡ್ತಿದ್ಳು ಗೊತ್ತಾ? ಸೀದಾ ಮಲವಗೊಪ್ಪಕ್ಕೆ ಹೋಗ್ತಿದ್ಳು. 'ನಾನು ಆವತ್ತು ಹೇಳಿದ್ದು ನಿಜ ಅಲ್ಲ, ತಪ್ಪಾಯ್ತು' ಅಂತ ಹೇಳೋಕೆ. ಈಗ ಅವಳಿಲ್ಲ."

ಅವರು ಚರ್ಚಿನ ಕಡೆ ನಡೆದರು. ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಕಂಡಕ್ಟರಿಗೆ ಮಲವಗೊಪ್ಪ ಎಂದೆ.

ಆ ಮನೆಯ ಮುಂದೆ ಭಾನುವಾರದ ಬಟ್ಟೆ ಒಣಗುತ್ತಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು. ಬಾಗಿಲು ಅರ್ಧ ತೆರೆದಿತ್ತಾದರೂ ತಟ್ಟಿದೆ. ಶಕೀಲಾ ಸೆರಗಿಗೆ ಕೈ ಒರೆಸುತ್ತ ಬಂದರು. ಎಡ ಮುಂಗೈಯ ಚರ್ಮ ಇನ್ನೂ ಬೇರೆ ಬಣ್ಣದಲ್ಲಿತ್ತು. ನನ್ನನ್ನು ನೆನಪಿಸಿಕೊಳ್ಳಲು ನೋಡುತ್ತ, ಒಳಗೆ ಬನ್ನಿ ಎಂದರು.

ಹೊಸ್ತಿಲ ಹೊರಗೆ ನೆಟ್ಟಗೆ ನಿಂತು, ಮೊದಲು ಅವರ ಹೆಸರು ಕೇಳಿದೆ. ಅವರ ಬಾಯಿಂದಲೇ ಹೇಳಿಸಿದೆ. ಆಮೇಲೆ ನನ್ನ ಹೆಸರು ಹೇಳಿದೆ.